ನಾಪಾಕ್ ಎಂಬ ನೆಪ

ಬೀದಿಗೆ ಬಿಸಾಡಿದ ನಾಯಿಮರಿ, ಬೆಕ್ಕಿನಮರಿಗಳನ್ನು ಎತ್ತಿಕೊಂಡು ಹೋಗಿ ಸಾಕುವ ಹುಡುಗ ಹುಡುಗಿಯರನ್ನು ಕಂಡರೆ ನಮ್ಮ ಓಲ್ಡ್ ಟೌನಿನಲ್ಲಿ ಎರಡು ಬಗೆಯ ನಗೆ ಕೇಳಿಬರುತ್ತದೆ. ‘ಮಾಡಲು ಬೇರೆ ಕೆಲಸವಿಲ್ಲ’ ಎಂಬುದು ಊರಿನ ನಗೆ. ‘ನಾಯಿ ಮುಟ್ಟಿದ ಕೈ ನಾಪಾಕ್’ ಎಂಬುದು ನಮ್ಮ ಮೊಹಲ್ಲಾದ ನಗೆ. ಎರಡಕ್ಕೂ ಉತ್ತರ ಹೇಳಬೇಕಾದ ಕಾಲ ಬಂದು ಬಹಳ ದಿನಗಳಾದವು.

ದೂರದ ಉದಾಹರಣೆ ಬೇಡ. 2021ರ ಸೆಪ್ಟೆಂಬರ್‌ನಲ್ಲಿ ಇದೇ ಭದ್ರಾವತಿ ತಾಲ್ಲೂಕಿನ ಕಂಬದಾಳು-ಹೊಸೂರು ಪಂಚಾಯಿತಿ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂಳಲಾಯಿತು. ಕೆಲವನ್ನು ಜೀವಂತವಾಗಿಯೇ ಹೂಳಿದರೆಂಬ ಆರೋಪವೂ ಬಂತು. ಅದರ ಬಗ್ಗೆ ಪೊಲೀಸರಿಗೆ ದೂರು ಕೊಟ್ಟವರು ನಾವು ನಗುವ ಇದೇ ಸ್ವಯಂಸೇವಕರು. ಬಂಧಿತರಲ್ಲಿ ಪಂಚಾಯಿತಿಗೆ ಸೇರಿದವರೂ ಇದ್ದರು. ನಾಯಿಗಳನ್ನು ಹಿಡಿದು, ಸಂತಾನಶಕ್ತಿಹರಣ ಮಾಡಿಸಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕೆಂಬ ನಿಯಮ 2001ರಿಂದಲೂ ಇದೆ. 2023ರಲ್ಲಿ ಅದನ್ನು ಹೊಸದಾಗಿ ಬರೆದರು. ಹೊಣೆ ಸ್ಥಳೀಯ ಸಂಸ್ಥೆಯದು. ಕೊಂದು ಖಾಲಿ ಮಾಡಿದ ಬೀದಿಗೆ ಪಕ್ಕದ ಬೀದಿಯ ಲಸಿಕೆಯಿಲ್ಲದ ನಾಯಿಗಳು ಬಂದು ಸೇರುತ್ತವೆ ಎಂಬುದು ಕಸದ ತೊಟ್ಟಿಯನ್ನು ನೋಡಿದ ಯಾರಿಗಾದರೂ ತಿಳಿಯುವ ಸಂಗತಿ.

ಇನ್ನು ಬಿಸಾಡುವವರು. ಹೊಳೆದಂಡೆಗೆ, ಸಂತೆಯ ಮೂಲೆಗೆ ಗೋಣಿಚೀಲದಲ್ಲಿ ಬಂದು ಬೀಳುವ ಮರಿಗಳನ್ನು ನೋಡಿ: ಹೆಚ್ಚಿನವು ಹೆಣ್ಣು. ಗಂಡುಮರಿಗೆ ಮನೆ ಸಿಗುತ್ತದೆ. ಹೆಣ್ಣಾದರೆ ವರ್ಷಕ್ಕೆರಡು ಸಲ ಮರಿ ಹಾಕುತ್ತದೆಂದು ಕಣ್ಣು ಬಿಡುವ ಮೊದಲೇ ತಾಯಿಯಿಂದ ಕಿತ್ತು ಎಸೆಯುತ್ತಾರೆ. ಹೆಣ್ಣುಕೂಸುಗಳನ್ನು ಮರಳಲ್ಲಿ ಹೂಳುತ್ತಿದ್ದ ಅರಬರ ಕಥೆಯನ್ನು ಪ್ರತಿವರ್ಷ ಮಿಲಾದ್ ವೇದಿಕೆಯಲ್ಲಿ ಕೇಳಿ ಕಣ್ಣೊರೆಸಿಕೊಳ್ಳುವ ನಾವೂ ಎಸೆಯುವವರ ಸಾಲಿನಲ್ಲಿದ್ದೇವೆ. 1960ರ ಕಾಯ್ದೆಯ ಪ್ರಕಾರ ಸಾಕುಪ್ರಾಣಿಯನ್ನು ಹಸಿವೆಗೆ ಬಿಟ್ಟುಹೋಗುವುದು ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಎರಡು ಟೀ, ಒಂದು ಬನ್ನಿನ ಬೆಲೆ.

ಆ ಮರಿಗಳನ್ನು ಉಳಿಸುವುದು ಪೋಟೋ ತೆಗೆಸಿಕೊಂಡಷ್ಟು ಸುಲಭವಲ್ಲ. ಎಳೆ ಬೆಕ್ಕಿನಮರಿಗೆ ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ, ಹಾಲು ಹನಿಸಬೇಕು. ಹಸುವಿನ ಹಾಲು ಕೊಟ್ಟರೆ ಭೇದಿ. ಮೈ ಬೆಚ್ಚಗಿಡಬೇಕು, ಒದ್ದೆ ಬಟ್ಟೆಯಿಂದ ಒರೆಸಿ ಮಲಮೂತ್ರ ಮಾಡಿಸಬೇಕು. ಪಾರ್ವೋ ಬಂದರೆ ಒಂದು ವಾರದ ಜಾಗರಣೆಯ ಫಲ ಒಂದೇ ದಿನದಲ್ಲಿ ಹೋಗುತ್ತದೆ. ಖರ್ಚು ಅವರ ಕೈಯದೇ.

ನಾಪಾಕ್ ಮಾತಿಗೆ ಬರೋಣ. ನಾಯಿ ಬಾಯಿಟ್ಟ ಪಾತ್ರೆಯನ್ನು ಏಳು ಸಲ ತೊಳೆಯಬೇಕೆಂದು ಹದೀಸ್ ಇದೆ, ಒಪ್ಪಿದೆ. ತೊಳೆಯುವ ಕ್ರಮ ಹೇಳಿಕೊಟ್ಟದ್ದೇ ನಾಯಿ ಮನುಷ್ಯನ ಹತ್ತಿರ ಬದುಕುತ್ತದೆ ಎಂದು. ನೀರಿನಿಂದ ಮುಗಿಯುವ ಸಂಗತಿಗೆ ಕಲ್ಲು ಯಾಕೆ? ಬಾವಿಯ ಬಳಿ ಬಾಯಾರಿ ಸಾಯುತ್ತಿದ್ದ ನಾಯಿಗೆ ತನ್ನ ಪಾದರಕ್ಷೆಯಲ್ಲಿ ನೀರು ಸೇದಿ ಕುಡಿಸಿದ ವೇಶ್ಯೆಗೆ ಕ್ಷಮೆ ಸಿಕ್ಕಿತು. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೊಂದವಳಿಗೆ ನರಕ. ಇವೂ ಹದೀಸುಗಳೇ. ಇಮಾಮ್ ಮಾಲಿಕರ ಪಂಥದಲ್ಲಂತೂ ಜೀವಂತ ನಾಯಿ ಅಶುದ್ಧವೇ ಅಲ್ಲ. ಸೂರಾ ಕಹಫ್‌ನ ಗುಹೆಯ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿರುವುದು ಯಾರು? ನಾಯಿಯನ್ನು ಜಾನಮಾಜಿನ ಮೇಲೆ ಕೂರಿಸಿಕೊಳ್ಳಿ ಎಂದು ಯಾರೂ ಕೇಳುತ್ತಿಲ್ಲ.

ಸ್ವಯಂಸೇವಕರಿಗೂ ಒಂದು ಮಾತಿದೆ. ಕಚ್ಚಿಸಿಕೊಳ್ಳುವವರು ಕಾರಿನಲ್ಲಿ ಓಡಾಡುವವರಲ್ಲ. ಬೆಳಗಿನ ಜಾವ ಮದ್ರಸಕ್ಕೆ ನಡೆಯುವ ಮಗು, ಪೌರಕಾರ್ಮಿಕ ಹೆಂಗಸು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಬೇರೆಯವರ ಬಾಗಿಲಲ್ಲಿ ಅನ್ನ ಸುರಿದು ಹೋಗುವುದು ದಯೆಯಲ್ಲ. ಊಟ ಹಾಕಲು ಗೊತ್ತಾದ ಜಾಗ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದ್ದು ಸರಿಯಾಗಿಯೇ ಇದೆ. ‘ಮಾಂಸ ತಿನ್ನುವವರಿಗೆ ಪ್ರಾಣಿದಯೆ ಎಲ್ಲಿಯದು’ ಎಂದು ಕೆಣಕುವ ಪ್ರಾಣಿಪ್ರಿಯರಿಗೂ ಹೇಳಬೇಕು: ಓಲ್ಡ್ ಟೌನಿನ ಮಾಂಸದಂಗಡಿಯ ಮುಂದೆ ಮೂಳೆಗಾಗಿ ಕಾಯುವ ನಾಯಿಗಳಿಗೆ ನಿಮ್ಮ ಧರ್ಮ-ನಮ್ಮ ಧರ್ಮದ ಲೆಕ್ಕ ಗೊತ್ತಿಲ್ಲ.

ಭದ್ರಾವತಿ ನಗರಸಭೆ ಕಳೆದ ವರ್ಷ ಎಷ್ಟು ನಾಯಿಗಳಿಗೆ ಶಸ್ತ್ರಚಿಕಿತ್ಸೆ, ಎಷ್ಟಕ್ಕೆ ಲಸಿಕೆ ಮಾಡಿಸಿತು ಎಂಬ ಲೆಕ್ಕವನ್ನು ವಾರ್ಡುವಾರು ಬೋರ್ಡಿನಲ್ಲಿ ಹಾಕಲಿ. ನಮ್ಮ ಜಮಾತ್‌ಗಳು ಒಂದು ಜುಮಾದ ದಿನ ಮೈಕಿನಲ್ಲಿ ಹೇಳಲಿ: ಕಚ್ಚಿದರೆ ಅರಿಸಿನ ಮೆತ್ತಬೇಡಿ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಓಡಿ, ಮರಿಗಳನ್ನು ಹೊಳೆದಂಡೆಗೆ ತರಬೇಡಿ, ತಾಯಿಗೆ ಆಪರೇಷನ್ ಮಾಡಿಸಿ.