ಮುಂಜಾನೆ ಹೊರಡಲೊಲ್ಲದ ಕಾರು

ರಾತ್ರಿ ಸರಿಯಾಗಿಯೇ ಓಡಿ ಮನೆ ಸೇರಿದ ಕಾರು ಮರುದಿನ ಮುಂಜಾನೆ ಹೊರಡಲು ಹಟ ಹಿಡಿಯುವುದುಂಟು. ಅಂತಹ ಸಮಯದಲ್ಲಿ ಮನೆಮಂದಿಯೆಲ್ಲ ಒಂದೊಂದು ತೀರ್ಪನ್ನು ಕೊಡುತ್ತಾರೆ. ಒಬ್ಬರು ಚಳಿಯನ್ನು ದೂರುತ್ತಾರೆ. ಇನ್ನೊಬ್ಬರು ಪೆಟ್ರೋಲಿನ ಮೇಲೆ ತಪ್ಪು ಹೊರಿಸುತ್ತಾರೆ. ಮತ್ತೊಬ್ಬರು ಹೊಸ ಬ್ಯಾಟರಿಯನ್ನೇ ತರಿಸಬೇಕೆನ್ನುತ್ತಾರೆ. ತೀರ್ಪುಗಳಿಗೆ ಕೊರತೆಯಿಲ್ಲ, ವಿಚಾರಣೆ ಮಾತ್ರ ನಡೆದಿರುವುದಿಲ್ಲ. ಆ ಮನೆಯಲ್ಲಿ ಭೌತಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಯೊಬ್ಬರಿದ್ದರೆ ವಿಚಾರಣೆಯ ಹೊಣೆ ಅವರದೆಂಬುದು ನಮ್ಮ ಅಭಿಪ್ರಾಯ. ಓಮನ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದವರು ಕಾರಿನ ಮುಂದೆ ಕೈಕಟ್ಟಿ ನಿಲ್ಲುವುದಾದರೆ, ಆ ಓದಿನಿಂದ ಬಂದ ಫಲವೇನು?

ಎಂಜಿನ್ನು ತಾನಾಗಿಯೇ ಚಲಿಸತೊಡಗಲಾರದು. ಅದನ್ನು ಹೊರಗಿನ ಬಲದಿಂದ ತಿರುಗಿಸಬೇಕು. ಪೆಟ್ರೋಲಿನ ಆವಿ ತಕ್ಕಷ್ಟು ಗಾಳಿಯೊಡನೆ ಬೆರೆಯಬೇಕು. ಸಕಾಲದಲ್ಲಿ ಕಿಡಿ ಹಾರಬೇಕು. ಮೊದಲನೆಯ ಕೆಲಸವನ್ನು ಹಿಂದೆ ಮನುಷ್ಯನ ತೋಳೇ ಮಾಡುತ್ತಿತ್ತು. ಹ್ಯಾಂಡಲು ಹಿಮ್ಮುಖವಾಗಿ ಬಡಿದು ಕೈ ಮುರಿದುಕೊಂಡವರೂ ಇದ್ದರು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದ ಮೇಲೆ ಆ ಭಾರ ಕ್ರಮೇಣ ಬ್ಯಾಟರಿಯ ಪಾಲಿಗೆ ಬಂದಿತು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ೧೮೫೯ರಲ್ಲಿ ನಿರ್ಮಿಸಿದ ಸೀಸ-ಆಮ್ಲ ಕೋಶದ ಸಂತತಿಯೇ ಇಂದಿಗೂ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಈ ಸೇವೆ ಸಲ್ಲಿಸುತ್ತಿದೆ.

ಕೀಲಿ ತಿರುಗಿಸಿದಾಗ ಕೇಳುವ ಸದ್ದೇ ಮೊದಲನೆಯ ಸಾಕ್ಷಿ. ಎಂಜಿನ್ನು ನರಳುತ್ತ ನಿಧಾನವಾಗಿ ತಿರುಗಿದರೆ, ಅಥವಾ 'ಟಿಕ್' ಎಂದು ಸುಮ್ಮನಾದರೆ, ದೋಷವನ್ನು ಮೊದಲು ವಿದ್ಯುತ್ತಿನ ಹಾದಿಯಲ್ಲಿ ಹುಡುಕಬೇಕು. ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರುವುದು ಅನ್ಯಾಯ. ಆಗ ಇಂಧನವನ್ನೂ ಕಿಡಿಯನ್ನೂ ಶಂಕಿಸಬೇಕು.

ವಿದ್ಯುತ್ತಿನ ಹಾದಿಯನ್ನೇ ಮೊದಲು ನೋಡೋಣ. ರಾತ್ರಿಯೆಲ್ಲ ವಿಶ್ರಾಂತಿಯಲ್ಲಿದ್ದ ಬ್ಯಾಟರಿ ತುಂಬಿದ್ದರೆ ವೋಲ್ಟ್ ಮಾಪಕ ಸುಮಾರು ೧೨.೬ನ್ನು ತೋರಿಸಬೇಕು, ಅದು ತಲಾ ೨.೧ ವೋಲ್ಟಿನ ಆರು ಕೋಶಗಳ ಮೊತ್ತ. ೧೨ಕ್ಕೆ ಇಳಿದಿದ್ದರೆ ಬ್ಯಾಟರಿ ಬಹುಮಟ್ಟಿಗೆ ಬರಿದಾಗಿದೆ ಎಂದರ್ಥ. ಆದರೆ ಬರಿದಾದುದೆಲ್ಲ ಕೆಟ್ಟುದಲ್ಲ. ೫ ವ್ಯಾಟಿನ ಒಳದೀಪವನ್ನು ಆರಿಸಲು ಮರೆತರೆ, ೧೦ ಗಂಟೆಗಳಲ್ಲಿ ೪ ಆಂಪಿಯರ್-ಗಂಟೆಗೂ ಮಿಕ್ಕ ವಿದ್ಯುತ್ತು ವ್ಯಯವಾಗುತ್ತದೆ. ೩೫ ಆಂಪಿಯರ್-ಗಂಟೆಯ ಬ್ಯಾಟರಿಗೆ ಇದು ಸುಮಾರು ಎಂಟನೆಯ ಒಂದು ಪಾಲು. ಸಮೀಪದ ಪೇಟೆಗಷ್ಟೇ ಹೋಗಿಬರುವ ಕಾರಿನಲ್ಲಿ ಇಂತಹ ನಷ್ಟ ಸುಲಭವಾಗಿ ತುಂಬಿಬರುವುದಿಲ್ಲ.

ಮಾಪಕ ೧೨.೬ನ್ನೇ ತೋರಿಸಿಯೂ ಎಂಜಿನ್ನು ನರಳಿದರೆ? ಇಲ್ಲಿ ಓಮನ ನಿಯಮ ನೆರವಿಗೆ ಬರುತ್ತದೆ. ಸ್ಟಾರ್ಟರು ೧೫೦ ಆಂಪಿಯರ್ ಪ್ರವಾಹವನ್ನು ಸೆಳೆಯುವುದೆಂದು ಭಾವಿಸೋಣ. ಬ್ಯಾಟರಿಗೆ ತಂತಿ ಕೂಡುವೆಡೆಯಲ್ಲಿ ಬಿಳಿಯ ಇಲ್ಲವೇ ಹಸಿರು ಪುಡಿ ಕಟ್ಟಿ, ಒಂದು ಓಮಿನ ನೂರನೆಯ ಒಂದು ಭಾಗದಷ್ಟು ರೋಧ ಉಂಟಾದರೂ ಸಾಕು, ೧.೫ ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಅರ್ಧ ಆಂಪಿಯರನ್ನೂ ಸೆಳೆಯದ ಒಳದೀಪಕ್ಕೆ ಆ ರೋಧದ ಅರಿವೇ ಆಗದು. ಆದುದರಿಂದ 'ದೀಪ ಚೆನ್ನಾಗಿ ಉರಿಯುತ್ತಿದೆ' ಎಂಬುದು ಇಲ್ಲಿ ಸಾಕ್ಷಿಯಾಗಲಾರದು.

ಇಲ್ಲಿ ಹೊಸ ಬ್ಯಾಟರಿ ತರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಆಶ್ಚರ್ಯವೆಂದರೆ, ಹಾಗೆ ಬದಲಾಯಿಸಿದ ಬಳಿಕ ಕಾರು ಹೊರಟೇಬಿಡುತ್ತದೆ! ಹೊಸದನ್ನು ಕೂರಿಸುವಾಗ ಕೊಂಡಿಯನ್ನು ಉಜ್ಜಿ ಬಿಗಿಮಾಡಿದ್ದೇ ಇದಕ್ಕೆ ಕಾರಣ. ಏಕಕಾಲದಲ್ಲಿ ಎರಡನ್ನು ಬದಲಾಯಿಸಿದವರಿಗೆ ಗುಣ ಯಾವುದರಿಂದ ಆಯಿತೆಂದು ತಿಳಿಯುವುದೇ ಇಲ್ಲ. ಒಮ್ಮೆಗೆ ಒಂದನ್ನೇ ಬದಲಿಸಿ ನೋಡಬೇಕೆಂಬ ಪ್ರಯೋಗಶಾಲೆಯ ಕಟ್ಟಳೆ ಇಲ್ಲಿಯೂ ಸಲ್ಲುತ್ತದೆ.

ಇನ್ನು ಇಂಧನದ ಮಾತು. ಇಂದಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಇಂಧನವನ್ನು ಒತ್ತಡದಲ್ಲಿ ಇಟ್ಟಿರುತ್ತದೆ. ಕವಾಟ ಸೋರಿದರೆ ರಾತ್ರಿ ಕಳೆಯುವಷ್ಟರಲ್ಲಿ ಆ ಒತ್ತಡ ಇಳಿಯುತ್ತದೆ. ಹಲವು ಕಾರುಗಳಲ್ಲಿ ಸ್ಟಾರ್ಟರನ್ನು ತಿರುಗಿಸದೆ, ಕೀಲಿಯನ್ನು ಎರಡು ಕ್ಷಣ 'ಆನ್' ಸ್ಥಾನದಲ್ಲಿಟ್ಟು ಹಿಂದಿರುಗಿಸಿ, ಹೀಗೆ ಎರಡು ಮೂರು ಸಲ ಮಾಡಿದರೆ ಪಂಪು ಒತ್ತಡವನ್ನು ಮರಳಿ ತುಂಬುತ್ತದೆ. ಅನಂತರ ಕಾರು ಥಟ್ಟನೆ ಹೊರಟರೆ ನಮ್ಮ ಅನುಮಾನಕ್ಕೆ ಬಲವಾದ ಆಧಾರ ದೊರೆತಂತಾಯಿತು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಚಳಿಯ ಪಾಲನ್ನು ನಾವು ಅಲ್ಲಗಳೆಯುವುದಿಲ್ಲ. ಚಳಿಯಲ್ಲಿ ಎಣ್ಣೆ ಮಂದವಾಗುತ್ತದೆ, ಬ್ಯಾಟರಿಯ ರಾಸಾಯನಿಕ ಕ್ರಿಯೆ ನಿಧಾನಿಸುತ್ತದೆ, ಪೆಟ್ರೋಲು ಸುಲಭವಾಗಿ ಆವಿಯಾಗದು. ಆದರೆ ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆಯೇ ೧೮೮೪ರ ಜನವರಿಯ ೭.೮ ಡಿಗ್ರಿ ಸೆಲ್ಸಿಯಸ್. ಹಿಮ ಸುರಿಯುವ ನಾಡುಗಳಲ್ಲಿಯೇ ಕಾರುಗಳು ಹೊರಡುತ್ತಿರುವಾಗ ಇಲ್ಲಿಯ ಚಳಿಯೊಂದೇ ಅಪರಾಧಿಯಾಗಲಾರದು. ಬ್ಯಾಟರಿಯ ಆಯುಸ್ಸನ್ನು ಹೆಚ್ಚಾಗಿ ಸವೆಸುವುದು ಬೇಸಗೆಯ ಬಿಸಿ. ಚಳಿಗಾಲ ಆ ಸವಕಳಿಯನ್ನು ಬಯಲಿಗೆಳೆಯುತ್ತದೆ, ಅಷ್ಟೆ.

ಎಲ್ಲರೂ ಮೆಕ್ಯಾನಿಕರಾಗಬೇಕೆಂದು ನಾವು ಹೇಳುತ್ತಿಲ್ಲ. ನುರಿತ ಮೆಕ್ಯಾನಿಕನೂ ಹೀಗೆಯೇ ಒಂದೊಂದಾಗಿ ವಿಚಾರಿಸುತ್ತಾನೆ; ಕಂಡದ್ದನ್ನು ಕ್ರಮವಾಗಿ ಹೇಳಬಲ್ಲವರು ಬಂದರೆ ಅವನ ಕೆಲಸ ಹಗುರವಾಗುತ್ತದೆ. ಕಾರಣವಿಲ್ಲದೆ ಎಸೆದ ಬ್ಯಾಟರಿಯಿಂದ ಹಾಳಾಗುವುದು ಹಣವೊಂದೇ ಅಲ್ಲ. ಅದರೊಳಗೆ ಹಲವು ಕಿಲೋಗ್ರಾಮ್ ಸೀಸವಿರುತ್ತದೆ. ಅದನ್ನು ಕಟ್ಟುಪಾಡಿಲ್ಲದ ಕುಲುಮೆಯಲ್ಲಿ ಕರಗಿಸಿದರೆ ಸುತ್ತಣ ಮಕ್ಕಳ ಮಿದುಳಿಗೆ ವಿಷವಾಗುತ್ತದೆ.

ಪರೀಕ್ಷೆಗೆ ತೊಡಗುವವರು ಹಿರಿಯರ ಒಪ್ಪಿಗೆ ಪಡೆಯಲಿ. ಗೇರು ನ್ಯೂಟ್ರಲ್‌ನಲ್ಲಿದೆಯೇ, ಕೈಬ್ರೇಕು ಬಿಗಿದಿದೆಯೇ ಎಂದು ನೋಡಲಿ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಓಡಿಸಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಪಹಾರಿ. ಬ್ಯಾಟರಿಯಿಂದ ಜಲಜನಕ ಹೊರಡಬಹುದಾದ್ದರಿಂದ ಬೆಂಕಿ ಹತ್ತಿರ ಸುಳಿಯಬಾರದು.

೧೯೭೬ರ ತಿದ್ದುಪಡಿಯಿಂದ ನಮ್ಮ ಸಂವಿಧಾನದಲ್ಲಿ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯಗಳಲ್ಲೊಂದಾಗಿದೆ. ಆ ಕರ್ತವ್ಯವನ್ನು ಆರಂಭಿಸಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ನಾಳೆ ಮುಂಜಾನೆ ಮನೆಯ ಕಾರು ಹೊರಡದಿದ್ದರೆ, 'ಏನನ್ನು ಬದಲಿಸೋಣ?' ಎಂದು ಕೇಳುವ ಮೊದಲು 'ಏನನ್ನು ಅಳೆಯೋಣ?' ಎಂದು ನಮ್ಮ ವಿದ್ಯಾರ್ಥಿಗಳು ಕೇಳಲಿ.