ಈ ರಜೆ ಯಾರದು?

ಗಲ್ಫಿನಲ್ಲಿರುವ ನಮ್ಮವರ ಬಾಯಲ್ಲಿ ‘ರಜೆ’ ಎಂಬ ಮಾತು ಒಂಟಿಯಾಗಿ ಬರುವುದಿಲ್ಲ. ‘ರಜೆಗೆ ಊರಿಗೆ’ ಎಂದೇ ಬರುತ್ತದೆ. ಎರಡೂ ಒಂದೇ ಎಂದು ನಾವು ಎಷ್ಟು ಗಟ್ಟಿಯಾಗಿ ನಂಬಿದ್ದೇವೆಂದರೆ, ಯಾವಳಾದರೂ ಹೆಂಗಸು ‘ರಜೆಯೇನೋ ಇದೆ, ಊರಿಗೆ ಹೋಗುತ್ತಿಲ್ಲ’ ಎಂದರೆ ಕೇಳಿದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ದನಿ ತಗ್ಗಿಸಿ, ‘ಯಾಕೆ, ಮನೆಯಲ್ಲಿ ಏನಾದರೂ...?’ ಎನ್ನುತ್ತಾರೆ. ಏನೂ ಆಗಿಲ್ಲ ತಾಯಿ. ಸುಸ್ತಾಗಿದೆ, ಅಷ್ಟೆ.

ಈ ಎರಡು ಪದಗಳ ಗಂಟು ಬಿಚ್ಚಬೇಕು ಎಂಬುದೇ ನನ್ನ ತಕರಾರು. ರಜೆ ಬೇರೆ, ಊರಿಗೆ ಹೋಗಿಬರುವುದು ಬೇರೆ. ಒಂದರ ಲೆಕ್ಕದಲ್ಲಿ ಇನ್ನೊಂದನ್ನು ಬರೆದುಕೊಂಡು ಹೆಂಗಸರ ರಜೆಯನ್ನು ವರ್ಷವರ್ಷವೂ ನುಂಗಿಹಾಕುತ್ತಿದ್ದೇವೆ.

ನಾನು ಮಸ್ಕತ್ತಿಗೆ ಬಂದದ್ದು 1996ರಲ್ಲಿ. ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತೇನೆ. ಗಂಡನ ಮನೆ ಕುಂದಾಪುರದ ಹತ್ತಿರ, ತವರು ಸಾಗರದ ಕಡೆ. ನಮ್ಮ ಶಾಲಾವರ್ಷ ಏಪ್ರಿಲಿನಲ್ಲಿ ಶುರುವಾಗಿ ಜೂನ್ ಹೊತ್ತಿಗೆ ಬೇಸಗೆ ರಜೆ ಬರುತ್ತದೆ. ಕರ್ನಾಟಕದಲ್ಲಿ ರಜೆ ಏಪ್ರಿಲ್, ಮೇ. ಅಂದರೆ ನಮ್ಮ ರಜೆ ಹುಟ್ಟುವುದು ನಿಮ್ಮ ರಜೆ ಸತ್ತ ಮೇಲೆ. ನಾವು ಪೆಟ್ಟಿಗೆ ಹೊತ್ತು ಅಂಗಳಕ್ಕೆ ಇಳಿಯುವಾಗ ಮಾವಿನ ಹಣ್ಣು ಮುಗಿದಿರುತ್ತದೆ, ಅಣ್ಣತಮ್ಮಂದಿರ ಮಕ್ಕಳು ಸಮವಸ್ತ್ರ ಹಾಕಿಕೊಂಡು ಶಾಲೆಗೆ ಹೊರಟಿರುತ್ತಾರೆ, ಕರಾವಳಿಯಲ್ಲಿ ಮಳೆ ಹಿಡಿದಿರುತ್ತದೆ. ನನ್ನ ಮಕ್ಕಳು ಜಗಲಿಯಲ್ಲಿ ಕುಳಿತು ಮಾಡಿನ ನೀರು ಬೀಳುವುದನ್ನು ನೋಡುತ್ತ, ‘ಅಮ್ಮಾ, ನಾವು ಯಾವಾಗ ಮನೆಗೆ ಹೋಗೋದು?’ ಎಂದು ಕೇಳಿದ್ದನ್ನು ಅತ್ತೆಯವರು ಕೇಳಿಸಿಕೊಂಡು ಎರಡು ದಿನ ಮುಖ ದಪ್ಪ ಮಾಡಿದ್ದರು.

ಹೋಗುವ ದಾರಿಯಾದರೂ ಸಲೀಸೇ? ಮಂಗಳೂರಿನಿಂದ ಹೊರದೇಶಕ್ಕೆ ನೇರ ವಿಮಾನ ಶುರುವಾದದ್ದೇ 2006ರಲ್ಲಿ. ಅದಕ್ಕೆ ಮೊದಲು ಬೊಂಬಾಯಿಗೆ ಇಳಿದು ರಾತ್ರಿಯ ಬಸ್ಸು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಎರಡು ಕೂಸುಗಳನ್ನೂ ಆರು ಗಂಟುಗಳನ್ನೂ ಎಣಿಸುತ್ತ ರೈಲು. ಆ ಗಂಟುಗಳಲ್ಲಿ ಏನಿರುತ್ತಿತ್ತು ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಟ್ಯಾಂಗ್ ಪುಡಿ, ನಿಡೋ ಹಾಲಿನ ಪುಡಿ, ಆ್ಯಕ್ಸ್ ಎಣ್ಣೆ, ಅತ್ತರು, ಬಾದಾಮಿ, ಖರ್ಜೂರ. ಮಾರ್ಚಿನಿಂದಲೇ ಪಟ್ಟಿ ಬರೆದು, ಯಾರಿಗೆ ಎಷ್ಟು ಎಂದು ಅಳೆದು ಹಂಚುವುದು ನನ್ನ ಕೆಲಸ. ಒಬ್ಬರಿಗೆ ಒಂದು ಸೋಪು ಕಡಿಮೆಯಾದರೆ ಅದರ ಮಾತು ಮುಂದಿನ ವರ್ಷದವರೆಗೆ ಬಾಳುತ್ತಿತ್ತು. ಈಗ ಇವೆಲ್ಲ ಕುಂದಾಪುರದ ಅಂಗಡಿಯಲ್ಲೇ ಸಿಗುತ್ತವೆ. ಆದರೂ ಪಟ್ಟಿ ನಿಂತಿಲ್ಲ!

ಒಂದು ವರ್ಷ, 2014ರಲ್ಲಿ, ನಾನು ಊರಿನ ದಿನಗಳನ್ನು ಡೈರಿಯಲ್ಲಿ ಬರೆದಿಟ್ಟೆ. ಮಕ್ಕಳಿಗೆ ಅಂಕಿಅಂಶದ ಪಾಠ ಹೇಳುವವಳಿಗೆ ಅದೇನು ಮಹಾ? ಒಟ್ಟು 41 ದಿನ. ಹೋಗಿ ಮುಖ ತೋರಿಸಿ ಬಂದ ಮನೆಗಳು 23. ಬ್ಯಾಂಕು, ಪಂಚಾಯಿತಿ, ವಿದ್ಯುತ್ ಕಚೇರಿ ಎಂದು ಅಲೆದದ್ದು 7 ದಿನ. ಮುಚ್ಚಿಟ್ಟ ನಮ್ಮ ಮನೆಯ ಗೆದ್ದಲು, ಸೋರುವ ಮೂಲೆ, ಬೂಷ್ಟು ಹಿಡಿದ ಹಾಸಿಗೆಗಳ ಆರೈಕೆಗೆ 5 ದಿನ. ತವರಿನಲ್ಲಿ ಮಲಗಿದ್ದು 4 ರಾತ್ರಿ. ಉಳಿದ ದಿನಗಳಲ್ಲಿ ಬಹುಪಾಲು ಅಡುಗೆಮನೆ. ವರ್ಷಕ್ಕೊಮ್ಮೆ ಬರುವ ಸೊಸೆ ಕೈ ಕಟ್ಟಿ ಕೂರುವುದುಂಟೇ? ವರ್ಷವಿಡೀ ಅಲ್ಲೇ ಬೇಯುವ ನನ್ನ ಓರಗಿತ್ತಿಗೆ ನಾನು ಬಂದದ್ದೇ ಬಿಡುವು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬಳ ರಜೆಯನ್ನು ಇನ್ನೊಬ್ಬಳ ರಜೆಯಿಂದ ಕಿತ್ತು ಕೊಡುವ ಈ ಏರ್ಪಾಡಿನ ಮೇಲೆ ಸಿಟ್ಟು.

ಅದೇ ವಿಮಾನದಲ್ಲಿ ಬಂದ ನಮ್ಮವರನ್ನು ನೋಡಿ. ಮೊದಲ ದಿನವೇ ಪಂಚೆ ಉಟ್ಟು ಜಗಲಿಯ ಬೆಂಚಿನಲ್ಲಿ ಉದ್ದಕ್ಕೆ ಮಲಗುತ್ತಾರೆ. ‘ಪಾಪ, ಅಲ್ಲಿ ದುಡಿದು ಬಂದಿದ್ದಾನೆ’ ಎಂದು ತಲೆದೆಸೆಗೆ ಫ್ಯಾನು ಬರುತ್ತದೆ. ಎದ್ದಾಗ ಕಾಫಿ, ಮಧ್ಯಾಹ್ನ ಮೀನು, ಸಂಜೆ ಗೆಳೆಯರು. ಗಂಡಸರಿಗೆ ಊರು ನಿಜವಾಗಿಯೂ ವಿಶ್ರಾಂತಿಯೇ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ, ಹತ್ತು ಜನರ ಕೋಣೆಯಲ್ಲಿ ಮಲಗುವ ಕೂಲಿಯವನಿಗಂತೂ ಅದು ಸ್ವರ್ಗ. ಅವನ ಊರಿನ ಹಂಬಲದ ಬಗ್ಗೆ ಒಂದು ಮಾತೂ ಆಡಲಾರೆ. ಆದರೆ ‘ರಜೆಗೆ ಊರಿಗೆ’ ಎಂಬ ಮಾತು ಹುಟ್ಟಿದ್ದು ಆ ಗಂಡಸರ ಬಾಯಲ್ಲಿ. ಸಂಬಳಕ್ಕೆ ದುಡಿಯುವ ಹೆಂಗಸೂ ಅದನ್ನೇ ಎರವಲು ತಂದು ಹೇಳುತ್ತಿದ್ದಾಳೆ. ಅಳತೆ ಮಾತ್ರ ಅವಳ ಮೈಗೆ ಹೊಂದುವುದಿಲ್ಲ.

ಒಮಾನಿನ ಕಾರ್ಮಿಕ ಕಾನೂನು, 2023ರಲ್ಲಿ ಹೊಸದಾಗಿ ಬಂದದ್ದು, ವರ್ಷಕ್ಕೆ ಕಡಿಮೆಯೆಂದರೆ 30 ದಿನ ಸಂಬಳ ಸಹಿತ ರಜೆ ಎನ್ನುತ್ತದೆ. ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಜೂನ್, ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಬಯಲಿನಲ್ಲಿ ಕೆಲಸ ಮಾಡಿಸಕೂಡದೆಂಬ ನಿಯಮವಿದೆ. ಇಲ್ಲಿಯ ಸೆಕೆ ಅಂಥದ್ದು. 2018ರ ಜೂನ್ ಕೊನೆಯಲ್ಲಿ ಮಸ್ಕತ್ತಿನಾಚೆಯ ಕುರಿಯಾತ್ ಎಂಬಲ್ಲಿ ಒಂದು ಇಡೀ ದಿನ, ರಾತ್ರಿಯೂ ಸೇರಿ, ಉಷ್ಣತೆ 42 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ಮನುಷ್ಯನ ಮೈಗೊಂದು ಮಿತಿಯಿದೆ ಎಂಬುದು ಸರಕಾರಕ್ಕೆ ಗೊತ್ತಾಗಿದೆ. ನಮ್ಮ ನೆಂಟರಿಗೆ ಗೊತ್ತಾಗಿಲ್ಲ.

ಹುಬ್ಬಳ್ಳಿ ಕಡೆಯವರೊಬ್ಬರು ನಮ್ಮಲ್ಲಿ ಗಣಿತದ ಟೀಚರಾಗಿದ್ದರು. ರಕ್ತದೊತ್ತಡ ಏರಿ, ಮಂಡಿ ಊದಿಕೊಂಡು, 2013ರ ಬೇಸಗೆಯಲ್ಲಿ ಡಾಕ್ಟರು ‘ಒಂದು ತಿಂಗಳು ಪೂರ್ತಿ ವಿಶ್ರಾಂತಿ’ ಎಂದು ಬರೆದುಕೊಟ್ಟರು. ಹೇಗೂ ರಜೆಗೆ ಬರುತ್ತಾಳಲ್ಲ ಎಂದು ಊರಿನಲ್ಲಿ ಅದೇ ತಿಂಗಳಿಗೆ ಮಾವನವರ ಭೀಮರಥ ಶಾಂತಿ ಗೊತ್ತುಮಾಡಿದರು. ಒಂದು ವಾರ ಮನೆ ತುಂಬ ಜನ. ಹಿರಿಯ ಸೊಸೆ ಕೂರುವಂತಿಲ್ಲ, ನಡು ಹಿಡಿದುಕೊಂಡು ನಿಂತೇ ಇದ್ದರಂತೆ. ಆಗಸ್ಟಿನಲ್ಲಿ ಸ್ಟಾಫ್ ರೂಮಿಗೆ ಬಂದವರು, ‘ಇನ್ನ ಇಲ್ಲೇ ನನಗ ಆರಾಮ ಸಿಗೋದು ನೋಡ್ರಿ’ ಎಂದು ನಕ್ಕರು. ಸೆಪ್ಟೆಂಬರಿನಲ್ಲಿ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು. ಸೀಮೆಸುಣ್ಣ ಹಿಡಿಯುವ ಕೈ. ರಜೆಯೇ ಅವರನ್ನು ಕೆಡವಿತು ಎಂದು ನಾನು ಹೇಳಲಾರೆ, ಅಂಥ ಕಾಯಿಲೆಗೆ ನೂರು ಕಾರಣ. ಡಾಕ್ಟರು ಬರೆದ ಆ ಒಂದು ತಿಂಗಳು ಅವರಿಗೆ ಸಿಗಲಿಲ್ಲ ಎನ್ನುವುದು ಮಾತ್ರ ನಾನು ಕಣ್ಣಾರೆ ಕಂಡದ್ದು.

ಇದಕ್ಕೆ ಬರುವ ಉತ್ತರಗಳೂ ನನಗೆ ಬಾಯಿಪಾಠವಾಗಿವೆ. ‘ನಿಮಗೇನು ಕಷ್ಟ, ಏಸಿಯಲ್ಲಿ ಇರುವವರು’ ಎಂಬುದು ಒಂದು. ಬೆಳಗಿನ ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟಿ, ದಿನವಿಡೀ ನಿಂತು ಪಾಠ ಹೇಳಿ, ರಾತ್ರಿ ಉತ್ತರಪತ್ರಿಕೆಯ ಕಟ್ಟು ಬಿಚ್ಚುವವಳ ಕಾಲುನೋವನ್ನು ಏಸಿ ವಾಸಿಮಾಡುವುದಾದರೆ ನಾನು ಅದನ್ನು ಪೂಜೆ ಮಾಡುತ್ತಿದ್ದೆ. ‘ಮಕ್ಕಳಿಗೆ ಕನ್ನಡ ಮರೆತುಹೋಗುತ್ತದೆ’ ಎಂಬುದು ಇನ್ನೊಂದು. ಇಪ್ಪತ್ತಮೂರು ಮನೆಗಳಲ್ಲಿ ಹತ್ತು ಹತ್ತು ನಿಮಿಷ ಕುಳಿತು ಬಿಸ್ಕತ್ತು ತಿಂದರೆ ಕನ್ನಡ ಬರುವುದಿಲ್ಲ. ಒಬ್ಬ ಅಜ್ಜಿಯ ಪಕ್ಕದಲ್ಲಿ ಹತ್ತು ದಿನ ಮಲಗಿದರೆ ಬರುತ್ತದೆ. ನನ್ನ ಮಗಳಿಗೆ ಬಂದದ್ದು ಹಾಗೆ.

ಮೂರನೆಯದು ಮಾತ್ರ ತಳ್ಳಿಹಾಕುವ ಮಾತಲ್ಲ. ಹೆತ್ತವರು. ನನ್ನ ಅಮ್ಮನಿಗೆ ಈಗ 84. ವರ್ಷಕ್ಕೆ ಹತ್ತು ದಿನ ನೋಡಿದರೆ, ದೇವರು ಇನ್ನೂ ಐದು ವರ್ಷ ಕೊಟ್ಟರೂ, ನಮ್ಮಿಬ್ಬರಿಗೆ ಉಳಿದಿರುವುದು 50 ದಿನ. ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಕೇಳಿ: 41 ದಿನದ ಆ ರಜೆಯಲ್ಲಿ ಅಮ್ಮನಿಗೆ ಸಿಕ್ಕಿದ್ದು ನಾಲ್ಕು ರಾತ್ರಿ. ಹೆತ್ತವರ ಹೆಸರು ಹೇಳಿ ನಮ್ಮನ್ನು ಕರೆಯುವ ಊರು ನಮ್ಮನ್ನು ಹೆತ್ತವರ ಹತ್ತಿರ ಕೂರಲು ಬಿಡುವುದಿಲ್ಲವಲ್ಲ! ನಾನು ತವರಿನ ಮೆಟ್ಟಿಲು ಹತ್ತಿದರೆ ಅಮ್ಮ ಹೇಳುವುದು ಒಂದೇ ಮಾತು: ‘ಬಂದ್ಯಾ? ಮೊದ್ಲು ಮಲಕ್ಕೊ. ಮಾತು ಆಮೇಲೆ.’

ಹೆಣ್ಣಿಗೆ ಬಿಡುವು ಬೇಕೆಂಬುದು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯೇನಲ್ಲ. ಹೊಸ ಸೊಸೆಯನ್ನು ಆಷಾಢದಲ್ಲಿ, ಕುಂದಾಪುರದವರ ಬಾಯಲ್ಲಿ ಆಸಾಡಿಯಲ್ಲಿ, ತವರಿಗೆ ಕಳಿಸುತ್ತಿದ್ದರು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂದು ಯಾವ ಕಾರಣವನ್ನಾದರೂ ಹೇಳಲಿ, ಹುಡುಗಿಗೆ ಒಂದು ತಿಂಗಳು ತಾಯಿಯ ಮನೆಯ ನಿದ್ದೆ ಸಿಗುತ್ತಿತ್ತು. ಇಲ್ಲಿ ಒಮಾನಿನಲ್ಲಿಯೂ ಹಿಂದೆ ಕರಾವಳಿಯ ಕುಟುಂಬಗಳು ಬೇಸಗೆಯಲ್ಲಿ ಖರ್ಜೂರದ ತೋಟಗಳಿಗೆ ಹೋಗಿ, ನೆರಳಿನಲ್ಲಿ, ಫಲಜಿನ ಕಾಲುವೆಯ ನೀರಿನ ಪಕ್ಕ ಕಾಲ ಕಳೆಯುತ್ತಿದ್ದವು. ಹಣ್ಣು ಕೀಳುವ ಕೆಲಸವೂ ಇತ್ತು, ತಂಪೂ ಇತ್ತು. ಇದನ್ನೆಲ್ಲ ಕಳೆದುಕೊಂಡ ನಾವು ಈಗ ವಿಮಾನದ ಟಿಕೆಟ್ಟನ್ನೇ ವಿಶ್ರಾಂತಿ ಎಂದುಕೊಂಡಿದ್ದೇವೆ. ಹನ್ನೊಂದು ದಿನದಲ್ಲಿ ಆರು ದೇಶ ನೋಡಿ ಬರುವವರದ್ದೂ ಇದೇ ಕಥೆ, ದಾರಿ ಬೇರೆ ಅಷ್ಟೆ.

2016ರಿಂದ ನಾವು ಕ್ರಮ ಬದಲಿಸಿದೆವು. ಜೂನ್ ಪೂರ್ತಿ ಮಸ್ಕತ್ತಿನಲ್ಲೇ. ಊರವರೆಲ್ಲ ಹೋದ ಮೇಲೆ ಈ ನಗರ ಖಾಲಿ ಹೊಡೆಯುತ್ತದೆ, ರಸ್ತೆ ದಾಟಲು ಕಾಯಬೇಕಾಗಿಲ್ಲ. ಬೆಳಗಿನ ಐದಕ್ಕೆ ಕುರುಮ್ ಕಡಲ ದಂಡೆಯಲ್ಲಿ ಒಂದು ಸುತ್ತು, ಬಿಸಿಲೇರುವ ಮೊದಲು ಮನೆ. ಪರದೆ ಎಳೆದು ನಿದ್ದೆ. ಒಂದೇ ಹೊತ್ತು ಅಡುಗೆ, ರಾತ್ರಿ ಗಂಜಿ, ಮಿಡಿ ಉಪ್ಪಿನಕಾಯಿ. ಊರಿನಿಂದ ತಂದು ಹಾಳೆ ಕೂಡ ತಿರುವದೆ ಇಟ್ಟ ಪುಸ್ತಕಗಳನ್ನು ಮೊದಲ ವರ್ಷವೇ ಒಂಬತ್ತು ಓದಿದೆ. ಇವರು ಮೊದಲ ವಾರ ‘ಏನೋ ಕಳೆದುಕೊಂಡ ಹಾಗೆ ಆಗ್ತದೆ’ ಎಂದು ಕೋಣೆಯಿಂದ ಕೋಣೆಗೆ ತಿರುಗಿದರು. ಎರಡನೆಯ ವಾರ ಚಹಾ ಮಾಡುವುದನ್ನು ಕಲಿತರು.

ಜುಲೈ ಕೊನೆಗೆ ಐದು ದಿನ ಸಲಾಲ. ಮರಳುಗಾಡಿನ ಸಪಾಟು ದಾರಿಯಲ್ಲಿ ಸಾವಿರ ಕಿಲೋಮೀಟರು ಹೋಗಿ ತುಮ್ರೈತ್ ದಾಟಿ ಬೆಟ್ಟ ಇಳಿಯುವಾಗ ಒಮ್ಮೆಲೇ ಮಂಜು, ಹನಿ ಮಳೆ, ಹಸಿರು. ನಮ್ಮ ಕೃಷಿ ಇಲಾಖೆಯವರು ಮುಂಗಾರು ಬೆಳೆಗೆ ಖಾರಿಫ್ ಎನ್ನುತ್ತಾರಲ್ಲ, ಆ ಮಾತು ಅರಬ್ಬಿಯದು. ಇಲ್ಲಿ ಖರೀಫ್ ಎಂದರೆ ಸಲಾಲದ ಈ ಮಳೆಗಾಲ. ನಮ್ಮ ಮಾಡಿನ ಮೇಲೆ ಸುರಿಯುವ ನೈಋತ್ಯ ಮಾರುತವೇ ಅಲ್ಲಿನ ಬೆಟ್ಟಕ್ಕೂ ಹನಿ ಚೆಲ್ಲುತ್ತದೆ. ರಸ್ತೆಬದಿಯಲ್ಲಿ ಎಳನೀರು, ಬಾಳೆಗೊನೆ. ನಾನು ಕಾರಿನ ಗಾಜು ಇಳಿಸಿ ಕೈ ಹೊರಗೆ ಚಾಚಿ ಕುಳಿತಿದ್ದೆ. ಯಾರೂ ‘ಕಾಫಿಗೆ ನೀರಿಡು’ ಎನ್ನಲಿಲ್ಲ.

ಅಮ್ಮನ ಪಾಲು ಡಿಸೆಂಬರಿಗೆ. ಚಳಿಗಾಲದ ರಜೆಯಲ್ಲಿ ಹನ್ನೆರಡು ದಿನ, ನಾನೊಬ್ಬಳೇ, ಕೈಯಲ್ಲಿ ಒಂದು ಚೀಲ. ಗಂಡನ ಮನೆಗೆ ಅದರಲ್ಲಿ ಎರಡು ದಿನ, ಉಳಿದದ್ದು ಸಾಗರ. ಇವರು ತಮಗೆ ಬೇಕಾದಾಗ ತಮ್ಮ ಮನೆಗೆ ಹೋಗಿಬರುತ್ತಾರೆ, ಬ್ಯಾಂಕಿನ ಕೆಲಸವೂ ಅವರದೇ. ಮೊದಲ ವರ್ಷ ಕುಂದಾಪುರದಲ್ಲಿ ಗುಲ್ಲೆದ್ದಿತು. ಸೊಸೆಗೆ ಸೊಕ್ಕು ಬಂದಿದೆ, ಮಣ್ಣಿನ ಋಣ ಮರೆತಿದ್ದಾಳೆ ಎಂದೆಲ್ಲ ಮಾತು ಬಂತು. ನಾನು ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಡೈರಿಯ ಆ ಪುಟವನ್ನು ಪ್ರತಿ ಮಾಡಿ ಇವರ ಕೈಗೆ ಕೊಟ್ಟೆ, ಬೇಕಾದವರಿಗೆ ಅವರೇ ತೋರಿಸಲಿ ಎಂದು.

ಎಲ್ಲರಿಗಿಂತ ಜೋರಾಗಿ ‘ಅತ್ತಿಗೆ, ಈ ಸರ್ತಿಯೂ ಬತ್ತಿಲ್ಯಾ?’ ಎಂದು ಫೋನಿನಲ್ಲಿ ಜಗಳ ತೆಗೆಯುತ್ತಿದ್ದವಳು ನನ್ನ ನಾದಿನಿ. ಅವಳೂ ಟೀಚರೇ, ಊರಿನ ಶಾಲೆಯಲ್ಲಿ. ಮೇ ತಿಂಗಳಿಡೀ ಅವಳ ಮನೆ ಬೊಂಬಾಯಿ ನೆಂಟರಿಂದ ತುಂಬಿರುತ್ತದೆ. ಈ ವರ್ಷ ಜಗಳವಿಲ್ಲ. ‘ಹಂಗಾರೆ ನಾನೇ ಅಲ್ಲಿಗ್ ಬತ್ತೆ, ಒಂದ್ ಹತ್ ದಿನ’ ಎಂದಳು. ಮಕ್ಕಳು, ಗಂಡ? ‘ಯಾರೂ ಬೇಡ’ ಎಂದಳು. ಅವಳ ಪಾಸ್‌ಪೋರ್ಟು ಆಗಿದೆ. ರಾತ್ರಿಯೂಟಕ್ಕೆ ಪಕ್ಕದ ರಸ್ತೆಯ ಉಡುಪಿ ಹೋಟೆಲಿನವನಿಗೆ ಹೇಳಿಟ್ಟಿದ್ದೇನೆ.