ಹಾಡೆಷ್ಟು, ಗದ್ದಲವೆಷ್ಟು?

ಸಂಜೆ ಹುಲೇಕಲ್‌ನ ತೋಟದಲ್ಲಿ ಜೀರುಂಡೆ ಚೀರತೊಡಗಿದರೆ ಪಕ್ಕದವರ ಮಾತೂ ಕೇಳಿಸದು. ಮಾತು ಸಂಕೇತ, ಚೀರಾಟ ಗದ್ದಲ. ಕಾರಿನ ಆಂಪ್ಲಿಫೈಯರ್ ಕೂಡ ಹಾಡಿಗೆ ತನ್ನದೇ ‘ಸುಯ್’ ಸದ್ದು ಬೆರೆಸುತ್ತದೆ. ಇವೆರಡರ ಅನುಪಾತವನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ಅಂಕಿ ದೊಡ್ಡದಾದಷ್ಟೂ ಹಾಡು ಸ್ವಚ್ಛ.

ಆದರೆ ಅಳೆದದ್ದು ಎಷ್ಟು ವಾಟ್‌ನಲ್ಲಿ ಎಂಬುದೇ ಮುಖ್ಯ. ಹಾಡು ತಗ್ಗಿದರೂ ಆಂಪ್ಲಿಫೈಯರಿನ ಸ್ವಂತ ಗದ್ದಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಶಕ್ತಿ 10 ಪಟ್ಟು ಇಳಿದರೆ 10 ಡೆಸಿಬೆಲ್ ಕಳೆಯಬೇಕು. 100 ವಾಟ್‌ನಲ್ಲಿ 100 ಡೆಸಿಬೆಲ್ ಬಂದದ್ದು 1 ವಾಟ್‌ನಲ್ಲಿ 80 ಮಾತ್ರ. ಹಾಗಾಗಿ 1 ವಾಟ್‌ನಲ್ಲಿ ಅಳೆದ 85, ಆ ನೂರಕ್ಕಿಂತ ಮೇಲು! ಡಬ್ಬದ ಮೇಲಿನ ದೊಡ್ಡ ಅಂಕಿಗೆ ಅಪ್ಪ ಮರುಳಾಗುವ ಮೊದಲು ಮಕ್ಕಳು ಈ ಲೆಕ್ಕ ಮಾಡಿ ತೋರಿಸಲಿ.